ಒಳಮನೆ, ಹೊರಮನೆ

ಹೊರಮನೆ, ಜೆರುಸಲೇಮ್
3 ನವೆಂಬರ್ 1954

ಪ್ರೀತಿಯ ತಂಗಿ ಅಫೀಫಾ,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಕ್ರಿಸ್ಮಸ್ ಕಳೆದಿರುತ್ತದೆ. ನಮ್ಮ ಮೂರನೇ ಮಹಡಿಯ ಕಿಟಕಿಯಿಂದ ನಿಮ್ಮ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಕಾಣುತ್ತದೆ. ಗಾಳಿ ಈ ಕಡೆ ಬೀಸಿದರೆ ನಿಮ್ಮ ಗಂಟೆಯೂ ಕೇಳುತ್ತದೆ. ಆದರೆ ನಡುವೆ ಮುಳ್ಳುತಂತಿ, ಅದರಾಚೆ ಇನ್ನೊಂದು ದೇಶ. ಹಾಗಾಗಿ ಕಾಗದ ಮೊದಲು ಸೈಪ್ರಸ್ಸಿನ ನಮ್ಮ ಸಿಸ್ಟರುಗಳ ಬಳಿ ಹೋಗಿ, ಅಲ್ಲಿ ಲಕೋಟೆ ಬದಲಾಯಿಸಿಕೊಂಡು, ಅಮ್ಮಾನ್ ಸುತ್ತಿ ನಿನ್ನ ಬಾಗಿಲಿಗೆ ಬರಬೇಕು.

ಲಿಯೋನ್‌ನಿಂದ ಮದರ್ ಜನರಲ್ ಅವರ ಕಾಗದ ನಿನಗೂ ಬಂದಿರಬೇಕು. ನಮ್ಮ ಸನ್ಯಾಸಿನಿಯರ ಸಭೆ ಈ ಊರಿಗೆ ಬಂದು 1956ಕ್ಕೆ ಎಪ್ಪತ್ತೈದು ವರ್ಷ ತುಂಬುತ್ತದೆ. ಎರಡೂ ಮನೆಗಳ ಚರಿತ್ರೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಾರಂತೆ. ಕೋಟೆಯೊಳಗಿನ ಒಳಮನೆಯದನ್ನು ನೀನು ಬರಿ, ಹೊರಮನೆಯದನ್ನು ನಾನು ಬರೆಯುತ್ತೇನೆ. ನಕ್ಷೆಗಳು ನನ್ನ ಬಳಿ ಇವೆ. ಆದರೆ ಶುರುವಿನ ಸಂಗತಿಯೆಲ್ಲ ಇರುವುದು ಮದರ್ ಕ್ಲೊಟಿಲ್ಡಾ ಅವರ ತಲೆಯಲ್ಲಿ. ನನ್ನ ಪರವಾಗಿ ಕೇಳು: ಹೊರಮನೆಯ ಮೊದಲ ಕಲ್ಲು ಇಟ್ಟವರು ಯಾರು? ಪಶ್ಚಿಮದ ಕಟ್ಟಡ ಎರಡೇ ಮಹಡಿಗೆ ಯಾಕೆ ನಿಂತಿತು? ಪ್ರಾರ್ಥನಾಲಯದ ಬಾಗಿಲು ಯಾಕೆ ಓರೆಯಾಗಿದೆ?

ಮದರ್ ಹೇಗಿದ್ದಾರೆ? ಊರು ಎರಡಾದ ಈ ಆರು ವರ್ಷದಲ್ಲಿ ಅವರಿಗೆ ಹದಿನಾಲ್ಕು ಕಾಗದ ಬರೆದೆ. ಒಂದಕ್ಕೂ ಅವರ ಮಾತಿನಲ್ಲಿ ಉತ್ತರವಿಲ್ಲ. ಕಣ್ಣು ಪೂರ್ತಿ ಹೋಗಿದೆ ಎಂದು ನೀನು ಬರೆದಿದ್ದೆ. ಕಿವಿ ಚೆನ್ನಾಗಿದೆಯಲ್ಲ? ನೀನು ಓದಿ ಹೇಳುತ್ತೀಯಲ್ಲ?

ಪ್ರತಿ ಬುಧವಾರ ಅವರ ತಲೆವಸ್ತ್ರ ಒಣಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಹಳೇ ಕಾಲದ ಅಗಲ ಅಂಚಿನದು ಅವರೊಬ್ಬರದೇ. ನೀನು ಅದನ್ನು ಹಗ್ಗಕ್ಕೆ ಗಂಟು ಹಾಕುತ್ತೀಯ, ಅಂಚು ಸುಕ್ಕಾಗುತ್ತದೆ. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ನಿನ್ನ ಅಕ್ಕ,
ವರ್ದೆ


ಒಳಮನೆ
20 ಜನವರಿ 1955

ವರ್ದಕ್ಕನಿಗೆ,

ನಿನ್ನ ಕಾಗದ ಮೊನ್ನೆ ಬಂತು. ಮದರ್‌ಗೆ ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ಕೇಳಿಸಿಕೊಂಡರು. ಏನೂ ಹೇಳಲಿಲ್ಲ.

ಚರಿತ್ರೆಯ ವಿಷಯಕ್ಕೆ ಬರುತ್ತೇನೆ. 'ಎರಡೂ ಮನೆಗಳು' ಎಂದು ನೀನು ಸಮಸಮ ಮಾಡಿ ಬರೆದಿದ್ದೀಯ. ಮೊದಲಿನದು ಒಳಮನೆ. 1881ರಲ್ಲಿ ಮೂವರು ಸಿಸ್ಟರುಗಳು ಹಡಗಿಳಿದು ಬಂದಾಗ ತಲೆಯ ಮೇಲೊಂದು ಸೂರು ಅಂತ ಸಿಕ್ಕಿದ್ದು ಇದೇ. ಒಬ್ಬ ಅರ್ಮೇನಿಯನ್ ತಾಮ್ರಗಾರನ ವಿಧವೆಯಿಂದ ಕೊಂಡ, ನೀರಿನ ತೊಟ್ಟಿಯ ಮೇಲಿನ ಒಂದೇ ಕೋಣೆ. ಇವತ್ತಿಗೂ ಆ ಗೋಡೆಯಲ್ಲಿ ತಾಮ್ರಗಾರ ಮೊಳೆ ಹೊಡೆದ ತೂತುಗಳಿವೆ. ಸಿಸ್ಟರುಗಳು ಚಳಿಗೆ ಆ ತೂತುಗಳಿಗೆ ಮೇಣ ತುಂಬಿದ್ದರು. ನಿಮ್ಮ ದೊಡ್ಡ ಕಟ್ಟಡ ಎದ್ದಿದ್ದು ಎಂಟು ವರ್ಷದ ಮೇಲೆ. ಪುಸ್ತಕದಲ್ಲಿ ಮುಂದೆ ಬರಬೇಕಾದ್ದು ಯಾವುದು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮದರ್ ಈಗ ಬೇರೆ ಯಾರ ಕೈಯಲ್ಲೂ ಊಟ ಮಾಡುವುದಿಲ್ಲ. ಬೇಳೆ ಸಾರಿಗೆ ಜೀರಿಗೆ, ನಿಂಬೆಹಣ್ಣು, ಮೇಲೆ ನಮ್ಮ ಬೈತ್ ಜಾಲಾ ಊರಿನ ಆಲಿವ್ ಎಣ್ಣೆ. ನಾನೇ ಚಮಚದಲ್ಲಿ ಕುಡಿಸಬೇಕು. ಸಿಸ್ಟರ್ ನಜ್ಲಾ ಹೋದರೆ ತುಟಿ ಬಿಗಿದುಕೊಂಡು ಕೂತುಬಿಡುತ್ತಾರೆ. ಇನ್ನು ಬಟ್ಟೆ ಗಂಟು ಹಾಕುವ ಮಾತು: ನಮ್ಮ ಮಾಳಿಗೆ ಮೇಲೆ ಗಾಳಿ ಜಾಸ್ತಿ. ಅಷ್ಟು ದೂರದಿಂದ ಸುಕ್ಕು ಕಾಣುವ ನಿನ್ನ ಕಣ್ಣಿಗೆ ಗಾಳಿ ಕಾಣಲಿಲ್ಲವಲ್ಲ.

ಅಫೀಫಾ


ಹೊರಮನೆ
14 ಮಾರ್ಚ್ 1955

ಅಫೀಫಾ,

'ಏನೂ ಹೇಳಲಿಲ್ಲ' ಎಂಬ ಎರಡು ಮಾತನ್ನು ವಾರದಿಂದ ಓದುತ್ತಿದ್ದೇನೆ.

ನೀನು ಆ ದಿನ ನನ್ನ ಪಕ್ಕದಲ್ಲೇ ನಿಂತಿದ್ದೆ, ಹಾಗಾಗಿ ನಿನಗೆ ನೆನಪಿರಲೇಬೇಕು. 1948ರ ಮೇ ತಿಂಗಳು, ಬ್ರಿಟಿಷರು ಗಂಟುಮೂಟೆ ಕಟ್ಟಿ ಹೊರಟಿದ್ದರು. ಬೀದಿಯಲ್ಲಿ ಗುಂಡಿನ ಸದ್ದು. ಒಳಮನೆಯಲ್ಲಿ ಇಬ್ಬರು ಮುದುಕಿಯರಿದ್ದಾರೆ, ಅವರನ್ನು ಬಿಡಲಾಗದು ಎಂದು ಮದರ್ ಹೊರಟರು. ಕೈಯಲ್ಲೊಂದು ಚೀಲ. ಹೊರಮನೆಯ ಮೆಟ್ಟಿಲ ಮೇಲೆ ನಾವಿಬ್ಬರೂ ನಿಂತಿದ್ದೆವು. ಒಂದೇ ಊರಿನವರು, ಒಂದೇ ದಿನ ಮಠ ಸೇರಿದವರು. ಅವರು ನನ್ನನ್ನು ನೋಡಿದರು, ನಿನ್ನನ್ನು ನೋಡಿದರು. ಆಮೇಲೆ ಹೇಳಿದರು:

"ಅಫೀಫಾ, ನೀನು ಬಾರಮ್ಮ. ವರ್ದೆ, ನೀನು ಇಲ್ಲೇ ಇರು."

ಅಷ್ಟೇ. ಹಿಂತಿರುಗಿಯೂ ನೋಡಲಿಲ್ಲ. ನೀನು ನೋಡಿದೆ. ನಿನ್ನ ಮುಖದಲ್ಲಿ ಏನಿತ್ತೆಂದು ನಾನು ಇವತ್ತೂ ಬರೆಯಬಲ್ಲೆ, ಆದರೆ ಬರೆಯುವುದಿಲ್ಲ.

ಏಳು ವರ್ಷದಿಂದ ಯೋಚಿಸುತ್ತಿದ್ದೇನೆ. ಇಪ್ಪತ್ತೇಳು ವರ್ಷ ಅವರ ಕೋಣೆ ಗುಡಿಸಿದ್ದು ನಾನು. ಅವರಿಗೆ ವಿಷಮಶೀತಜ್ವರ ಬಂದಾಗ ಕೂತಿದ್ದು ನಾನು. ಕರೆದಿದ್ದು ನಿನ್ನನ್ನು. ಅವರಿಗೆ ಒಂದೇ ಪ್ರಶ್ನೆ ಕೇಳು: ನನ್ನನ್ನು ಯಾಕೆ ಬಿಟ್ಟರು?

ಇನ್ನೊಂದು ಕೆಲಸ. ಕ್ರಿಸ್ಮಸ್‌ಗೆ ಗಡಿ ಗೇಟು ದಾಟಲು ನಾನು ಮೂರು ಸಲ ಅರ್ಜಿ ಹಾಕಿದೆ, ಮೂರೂ ವಾಪಸ್ ಬಂತು. ನಿಮ್ಮ ಕಡೆಯಿಂದ ಮದರ್ ರುಜು ಹಾಕಿದ ಒಂದು ಕಾಗದವಿದ್ದರೆ ಸಿಗುತ್ತದಂತೆ. 'ಈಕೆ ನಮ್ಮವಳು, ಬರಲಿ' ಎಂದಿದ್ದರೆ ಸಾಕು. ಬರೆಸಿ ಕಳಿಸು. ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ ಎಂದುಕೋ.

ವರ್ದೆ


ಒಳಮನೆ
2 ಜುಲೈ 1955

ವರ್ದಕ್ಕನಿಗೆ,

ಮದರ್ ಕೈ ನಡುಗುತ್ತದೆ. ಪೆನ್ನು ಹಿಡಿಯಲಾಗುವುದಿಲ್ಲ. ರುಜು ಆಗಲಿಲ್ಲ.

ನಿನ್ನ ಪ್ರಶ್ನೆ ಕೇಳಿದೆ. "ಅದೆಲ್ಲ ಯಾರಿಗೆ ನೆನಪಿದೆಯಮ್ಮ" ಅಂದರು.

ಬಿಸಿಲು ಜಾಸ್ತಿ. ಏಪ್ರಿಕಾಟ್ ಹಣ್ಣು ಈ ಸಲ ಚೆನ್ನಾಗಿ ಬಂದಿದೆ. ಕಟ್ಟಡಗಳ ಚರಿತ್ರೆಯನ್ನು ನಾನು ಮದರ್ ಬಾಯಿಂದ ಕೇಳಿ ಬರೆದು ನೇರವಾಗಿ ಲಿಯೋನ್‌ಗೆ ಕಳಿಸಿಬಿಟ್ಟೆ. ಹೊರಮನೆಯದನ್ನೂ ಅದರಲ್ಲೇ ಸೇರಿಸಿದ್ದೇನೆ. ನೀನು ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಅಫೀಫಾ


ಹೊರಮನೆ
8 ನವೆಂಬರ್ 1955

ಅಫೀಫಾ,

ಲಿಯೋನ್‌ನಿಂದ ಅಚ್ಚಿನ ಕರಡು ಬಂದಿದೆ. ಒಳಮನೆಗೆ ಇಪ್ಪತ್ತೆರಡು ಪುಟ. ತಾಮ್ರಗಾರನ ವಿಧವೆಯ ಸೊಸೆಯ ಹೆಸರೂ ಇದೆ. ಹೊರಮನೆಗೆ ನಾಲ್ಕು ಸಾಲು. ನಾಲ್ಕನೆಯ ಸಾಲು ಇದು: 'ಯುದ್ಧದ ನಂತರ ಈ ಕಟ್ಟಡವನ್ನು ಸಭೆ ಬಿಟ್ಟುಹೋಯಿತು.'

ಬಿಟ್ಟುಹೋದವರು ಯಾರೇ? ನೀನಾ, ನಾನಾ?

ನಿನಗೆ ಗೊತ್ತಿಲ್ಲದಿದ್ದರೆ ಕೇಳಿಕೋ. ನೀವು ಹೋದ ಮರುದಿನ ಅಕ್ಕಪಕ್ಕದ ಬೀದಿಯ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದರು. ನಲವತ್ತಮೂರು ಜನ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕಲ್ಲುಗಳ ನಡುವೆ ಅವರನ್ನು ಇಟ್ಟುಕೊಂಡೆ. ಒಬ್ಬಳು ಅಲ್ಲೇ ಹೆತ್ತಳು. ಹೊಕ್ಕುಳಬಳ್ಳಿ ಕತ್ತರಿಸಿದ್ದು ನಮ್ಮ ಬಲಿಪೂಜೆಯ ವಸ್ತ್ರ ಹೊಲಿಯುವ ಕತ್ತರಿಯಲ್ಲಿ. ಮೂರನೇ ವಾರ ಶೆಲ್ ಬಿದ್ದು ಪಶ್ಚಿಮದ ಸೂರು ಹಾರಿಹೋಯಿತು. ಆಮೇಲೆ ಸೈನಿಕರು ಬಂದು ಮಾಳಿಗೆಗೆ ಮರಳುಚೀಲ ಹೊತ್ತು ಹಾಕಿದರು. ಅವರ ಅಧಿಕಾರಿ, ಹುಡುಗನಂಥವನು, ಮೆಟ್ಟಿಲ ಕೆಳಗೆ ನಿಂತು ಅಂದ:

"ಸಿಸ್ಟರ್, ನೀವು ಹೊರಡಿ. ಇದು ಗಡಿ. ಇಲ್ಲಿ ಯಾರೂ ಇರಬಾರದು."

"ಗಡಿ ನಿನ್ನೆ ಬಂದಿದ್ದು. ನಾನು ಇಪ್ಪತ್ತೇಳು ವರ್ಷದಿಂದ ಇದ್ದೀನಿ," ಅಂದೆ. "ನಿಮ್ಮ ಬೂಟು ಒರೆಸ್ಕೊಂಡು ಬನ್ನಿ, ಈಗಷ್ಟೇ ನೆಲ ತೊಳೆದಿದ್ದೀನಿ."

ಅವನು ಒರೆಸಿಕೊಂಡ. ಅವತ್ತಿಂದ ಅವರು ಮಾಳಿಗೆಯಲ್ಲಿ, ನಾನು ಕೆಳಗೆ. ಒಂದು ದಿನವೂ ಪ್ರಾರ್ಥನಾಲಯದ ದೀಪ ಆರಿಲ್ಲ. ಸೂರಿನ ತೂತಿನಿಂದ ಮಳೆ ಬಿದ್ದಾಗ ದೀಪಕ್ಕೆ ಕೊಡೆ ಹಿಡಿದು ಕೂತಿದ್ದೇನೆ.

ಇಷ್ಟನ್ನೂ ಮದರ್‌ಗೆ ಬರೆದಿದ್ದೆ. ನಲವತ್ತೆಂಟರಲ್ಲೇ ಬರೆದಿದ್ದೆ. ಕೇಳಿದವರು 'ಬಿಟ್ಟುಹೋಯಿತು' ಎಂದು ಬರೆಸಲು ಸಾಧ್ಯವಿಲ್ಲ. ಹಾಗಾದರೆ ನೀನು ಓದಿ ಹೇಳಿಲ್ಲ. ಹೌದೋ ಅಲ್ಲವೋ?

ನಿನಗೆ ಅವರು ಸಿಕ್ಕರು. ಅವರ ಕೆಮ್ಮು, ಅವರ ಬೈಗುಳ, ಬೆಳಗಿನ ಅವರ ಆಶೀರ್ವಾದ ಎಲ್ಲ ನಿನ್ನದಾಯಿತು. ನನಗೆ ಉಳಿದಿದ್ದು ಕಲ್ಲು. ಆ ಕಲ್ಲನ್ನೂ ನಾಲ್ಕು ಸಾಲಿನಲ್ಲಿ ಕಿತ್ತುಕೊಂಡೆಯಲ್ಲೇ.

ನಿನ್ನಿಂದ ಕಾಗದ ಬರದಿದ್ದರೂ ಗೇಟು ದಾಟುವ ದಾರಿ ನಾನೇ ಹುಡುಕಿಕೊಳ್ಳುತ್ತೇನೆ.

ವರ್ದೆ


ಒಳಮನೆ
22 ಜನವರಿ 1956

ಸಿಸ್ಟರ್ ವರ್ದೆಯವರಿಗೆ,

ಮದರ್ ಕ್ಲೊಟಿಲ್ಡಾ ಅವರು ಈ ತಿಂಗಳ 16ರಂದು ಬೆಳಗಿನ ಪೂಜೆಯ ಹೊತ್ತಿಗೆ ಪ್ರಭುವಿನ ಪಾದ ಸೇರಿದರು. ಎಂಬತ್ತಮೂರು ವರ್ಷ. ಎದೆಯ ಕಫ ಹೆಚ್ಚಾಗಿತ್ತು. ಫಾದರ್ ಬಂದು ಎಣ್ಣೆ ಹಚ್ಚಿ ಅಂತ್ಯಾಭ್ಯಂಗ ಕೊಟ್ಟರು. ಅಂಗಳದ ಕೆಳಗಿನ ನಮ್ಮ ಸಮಾಧಿಕೋಣೆಯಲ್ಲಿ ಇಟ್ಟಿದ್ದೇವೆ.

ಅವರ ಆತ್ಮಕ್ಕಾಗಿ ಪ್ರಾರ್ಥಿಸಿ.

ಸಿಸ್ಟರ್ ಅಫೀಫಾ


ಹೊರಮನೆ
10 ಏಪ್ರಿಲ್ 1956

ಸಿಸ್ಟರ್ ಅಫೀಫಾ,

ನಿಮ್ಮ ಕಾಗದ ಮಾರ್ಚ್ ಮೊದಲ ವಾರ ಸಿಕ್ಕಿತು. ನನಗೆ ಅದಕ್ಕೂ ಮೊದಲೇ ಗೊತ್ತಿತ್ತು. ಜನವರಿ 18ರ ಬುಧವಾರ ಹಗ್ಗದ ಮೇಲೆ ಅವರ ತಲೆವಸ್ತ್ರ ಇರಲಿಲ್ಲ. ಮಳೆ ಬಂದಿರಬೇಕು ಅಂದುಕೊಂಡೆ. ಮಳೆ ಬಂದಿರಲಿಲ್ಲ. 25ರಂದೂ ಇರಲಿಲ್ಲ. ಅವತ್ತೇ ಕರಿಬಟ್ಟೆ ತೆಗೆದು ಪ್ರಾರ್ಥನಾಲಯಕ್ಕೆ ಕಟ್ಟಿದೆ. ಗಡಿಯಾದ ಮೇಲೆ ಇಲ್ಲಿಗೆ ಬಂದು ಸೇರಿದ ಇಬ್ಬರು ಸಿಸ್ಟರುಗಳು "ಯಾರು ಹೋದ್ರು?" ಅಂತ ಕೇಳಿದರು. ಕಿಟಕಿಯ ಕಡೆ ಕೈ ತೋರಿಸಿದೆ.

ಈಸ್ಟರ್ ಹಬ್ಬ ಮುಗಿದ ಮೇಲೆ ಫಾದರ್ ಬೊನಿಫಾಸ್ ಗೇಟು ದಾಟಿ ಈ ಕಡೆ ಬಂದಿದ್ದರು. ಮದರ್‌ಗೆ ಅಂತ್ಯಾಭ್ಯಂಗ ಕೊಟ್ಟವರು ಅವರೇ ಎಂದು ನಿಮಗೆ ಗೊತ್ತು. ಅತಿಥಿ ಕೋಣೆಯಲ್ಲಿ ಕೂತು ಕಾಫಿ ಬಟ್ಟಲು ಕೈಗೆತ್ತಿಕೊಂಡವರು ನಮ್ಮ ಮೂವರ ಮುಖ ನೋಡಿ ಕೇಳಿದರು:

"ನಿಮ್ಮಲ್ಲಿ ವರ್ದೆ ಅಂದ್ರೆ ಯಾರಮ್ಮಾ?"

"ನಾನೇ, ಫಾದರ್. ಯಾಕೆ?"

"ಪಾಪ, ಕೊನೇ ತನಕ ಅದೊಂದೇ ಹೆಸರು. 'ವರ್ದೆ ಬರೆದ್ಲಾ? ವರ್ದೆ ಕಾಗದ ಬಂತಾ?' ಅಂತ. ನೀನು ಒಂದು ಸಾಲೂ ಬರೀಲಿಲ್ವಂತಲ್ಲಮ್ಮ. ಕೆಲಸ ಜಾಸ್ತಿ ಇತ್ತೋ ಏನೋ, ಆದ್ರೂ ಒಂದು ಸಾಲು..."

ನಾನು ಅವರ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಇನ್ನು ಮುಂದೆ ನನಗೆ ಬರೆಯಬೇಡಿ. ಬರೆದರೆ ಲಕೋಟೆ ಒಡೆಯುವುದಿಲ್ಲ.

ಸಿಸ್ಟರ್ ವರ್ದೆ


ಒಳಮನೆ
30 ಜೂನ್ 1967

ವರ್ದಕ್ಕ,

ಹನ್ನೊಂದು ವರ್ಷ ನಿನ್ನ ಮಾತು ಪಾಲಿಸಿದೆ. ಈಗ ಮುರಿಯುತ್ತಿದ್ದೇನೆ. ಈ ತಿಂಗಳ ಯುದ್ಧ ಮುಗಿದು, ನಿನ್ನೆ ತಡೆಗೋಡೆಗಳನ್ನು ಒಡೆದು ದಾರಿ ಬಿಟ್ಟರು. ನಮ್ಮ ಬೀದಿಯ ಜನ ಹತ್ತೊಂಬತ್ತು ವರ್ಷದ ಹಿಂದೆ ಬಿಟ್ಟುಬಂದ ತಮ್ಮ ಮನೆಗಳನ್ನು ನೋಡಲು ಆ ಕಡೆ ಹೋಗುತ್ತಿದ್ದಾರೆ. ಬಾಗಿಲು ತಟ್ಟಿ, ಒಳಗಿರುವ ಅಪರಿಚಿತರ ಮುಖ ನೋಡಿ, ಒಂದು ಲೋಟ ನೀರು ಕೇಳಿ ವಾಪಸ್ ಬರುತ್ತಿದ್ದಾರೆ. ಪಕ್ಕದ ಮನೆಯ ದರ್ಜಿ ಹನ್ನಾ ಮೊದಲು ನಿಮ್ಮ ಬೀದಿಯವನೇ. "ಸಿಸ್ಟರ್, ಏನಾದ್ರೂ ಕೊಡೋದಿದ್ರೆ ಕೊಡಿ, ಒಂಬತ್ತು ನಿಮಿಷದ ದಾರಿ," ಅಂದ. ಒಂಬತ್ತು ನಿಮಿಷ! ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಲಕೋಟೆ ಒಡೆಯುವುದಿಲ್ಲ ಎಂದು ನೀನು ಬರೆದಿದ್ದೆ, ಅದಕ್ಕೇ ಲಕೋಟೆ ಹಾಕಿಲ್ಲ.

ನಿನ್ನ ಕಾಗದಗಳನ್ನು ನಾನು ಮದರ್‌ಗೆ ಓದಿದೆ. ಆದರೆ ನಿನ್ನ ಹೆಸರು ಹೇಳದೆ ಓದಿದೆ. ಸೈಪ್ರಸ್ಸಿನ ಸಿಸ್ಟರುಗಳು ಬರೆದಿದ್ದಾರೆ, ಲಿಯೋನ್‌ನಿಂದ ಬಂದಿದೆ ಎಂದೆ. ನೆಲಮಾಳಿಗೆಯ ಹೆಂಗಸರು, ಕೊಡೆ, ದೀಪ, ಇವನ್ನೆಲ್ಲ ಬಿಟ್ಟುಬಿಟ್ಟೆ. "ವರ್ದೆ ಯಾಕೆ ಬರೀತಿಲ್ಲ?" ಎಂದು ಕೇಳಿದಾಗ, "ದೊಡ್ಡ ಮನೆ, ಮದರ್, ಪುರುಸೊತ್ತಿಲ್ವೇನೋ," ಅಂದೆ. ಅವರು ನಿನಗೆ ಹನ್ನೊಂದು ಕಾಗದ ಹೇಳಿ ಬರೆಸಿದರು. ನಾನು ಮಸಿ ಮುಟ್ಟಿಸದೆ, ಒಣ ನಿಬ್ಬನ್ನು ಹಾಳೆಯ ಮೇಲೆ ಗೀಚುತ್ತಿದ್ದೆ. ಅವರು ಆ ಸದ್ದು ಕೇಳಿ ನಾನು ಬರೆಯುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ಒಂದು ಸಲ, "ನಿಧಾನ ಬರಿಯೇ, ವರ್ದೆಗೆ ನಿನ್ನ ಅಕ್ಷರ ಓದೋಕೆ ಕಷ್ಟ," ಅಂದರು. ನಿಧಾನವಾಗಿ ಗೀಚಿದೆ.

ಯಾಕೆ ಎಂದು ಕೇಳುತ್ತೀಯ. ಕೋಟೆ ಬಾಗಿಲು ದಾಟಿದ ಆ ದಿನವೇ ನಾನು ಅವರನ್ನು ಕೇಳಿದ್ದೆ. ನಾನೇ ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಕೇಳಿದ್ದೆ: "ಮದರ್, ನನ್ನನ್ನೇ ಯಾಕೆ ಕರ್ಕೊಂಡ್ರಿ?" ನಡೆಯುತ್ತಲೇ ಹೇಳಿದರು: "ನಿನ್ನನ್ನ ಒಬ್ಬಳೇ ಬಿಟ್ರೆ ಮನೆ ಒಂದು ವಾರ ಉಳಿಯಲ್ಲಮ್ಮ. ವರ್ದೆ ಇದ್ರೆ ಉಳಿಯುತ್ತೆ."

ನನ್ನನ್ನು ಕರೆದಿದ್ದು ನಾನು ಕೈಲಾಗದವಳು ಎಂದು. ನಿನ್ನನ್ನು ಬಿಟ್ಟಿದ್ದು ನಂಬಿಕೆಯಿಂದ. ಎಂಟು ವರ್ಷ ನಾನು ಬಡಿಸಿದ ಸಾರು ಕುಡಿಯುತ್ತಾ ಅವರು ಮಾತಾಡಿದ್ದು ನಿನ್ನನ್ನೇ. "ವರ್ದೆ ಆಗಿದ್ರೆ ಉಪ್ಪು ಸರಿಯಾಗಿ ಹಾಕೋಳು." "ವರ್ದೆ ದನಿ ಇನ್ನೂ ಮೆತ್ತಗಿತ್ತು." ನೀನು ಕಿಟಕಿಯಲ್ಲಿ ನಿಂತು ನನ್ನ ಮೇಲೆ ಉರಿದುಕೊಳ್ಳುತ್ತಿದ್ದಾಗ, ನಾನು ಅವರ ಮಂಚದ ಪಕ್ಕ ಕೂತು ನಿನ್ನ ಮೇಲೆ ಉರಿದುಕೊಳ್ಳುತ್ತಿದ್ದೆ. 'ಬಿಟ್ಟುಹೋಯಿತು' ಎಂದು ಬರೆದ ಕೈ ನನ್ನದೇ. ಬರೆದಾಗ ಸಂತೋಷವಾಯಿತು, ಅಕ್ಕ. ಅದನ್ನೂ ಹೇಳಿಬಿಡುತ್ತೇನೆ.

ಇದರ ಜೊತೆ ಒಂದು ನೋಟ್‌ಬುಕ್ ಇದೆ. ಹೊರಮನೆಯ ಬಗ್ಗೆ ಮದರ್ ಹೇಳಿದ್ದನ್ನೆಲ್ಲ, ಅವರು ಹೋದ ವರ್ಷವೇ ನೆನಪಿನಿಂದ ಬರೆದಿಟ್ಟೆ. ಮೊದಲ ಕಲ್ಲು ಇಟ್ಟದ್ದು ಬಿಷಪ್ ಅಲ್ಲ, ಬಿಷಪ್ ಬರುವುದು ತಡವಾಗಿ ಬೈತ್ ಜಾಲಾದ ಒಬ್ಬ ಕಲ್ಲುಕುಟಿಗನ ಹೆಂಡತಿ ಇಟ್ಟಳು. ಪಶ್ಚಿಮದ ಮಹಡಿ ನಿಂತಿದ್ದು ಪಕ್ಕದ ಮನೆಯವರ ಅಂಗಳಕ್ಕೆ ಬಿಸಿಲು ಬೀಳಲಿ ಎಂದು. ನಾಲ್ಕು ಸಾಲಲ್ಲ, ತೊಂಬತ್ತು ಪುಟ. ಇದನ್ನು ಮೊದಲೇ ಕೊಡಬೇಕಿತ್ತು.

ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಫಾದರ್ ಕ್ಷಮೆ ಕೊಟ್ಟರು. ಅವರು ಕೊಟ್ಟರೆ ಮುಗಿಯಲಿಲ್ಲ.

ಅಫೀಫಾ


ಹೊರಮನೆ
4 ಜುಲೈ 1967

ಅಫೀಫಾ,

ಹನ್ನಾ ಬಂದು ಕೊಟ್ಟು ಹೋದ. ತನ್ನ ಹಳೇ ಮನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದನಂತೆ, ಕಣ್ಣು ಕೆಂಪಾಗಿತ್ತು. ಅವನಿಗೆ ಊಟ ಹಾಕಿ ಕಳಿಸಿದೆ.

ನಿನ್ನ ಕಾಗದ ಓದಿ ಮೊದಲ ದಿನ ಕಿರುಚಿದೆ. ಪ್ರಾರ್ಥನಾಲಯದ ಬಾಗಿಲು ಹಾಕಿಕೊಂಡು ಕಿರುಚಿದೆ. ಒಣ ನಿಬ್ಬಿನ ಮಾತು ಓದಿದಾಗ, ನೀನು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಎರಡನೇ ದಿನ ನೋಟ್‌ಬುಕ್ ಓದಿದೆ. ಮದರ್ ಮಾತಾಡುವ ಧಾಟಿ ಹಾಗೆಯೇ ಇದೆ. 'ಏನಮ್ಮಾ' ಎಂದು ಶುರುಮಾಡಿ ಕೊನೆಗೆ ಬೈಯುವುದು. ಇಷ್ಟು ಚೆನ್ನಾಗಿ ಅವರ ಮಾತು ಕೇಳಿಸಿಕೊಂಡವಳು ಅವರನ್ನು ಪ್ರೀತಿಸಿರಲಿಲ್ಲ ಎಂದು ನಾನು ಹೇಳಲಾರೆ.

ಮೂರನೇ ದಿನ ನನ್ನ ಸರದಿ ಎಂದು ಗೊತ್ತಾಯಿತು. ಇದನ್ನು ನಾನು ಪಾಪನಿವೇದನೆಯಲ್ಲೂ ಹೇಳಿಲ್ಲ.

1955ರ ಕ್ರಿಸ್ಮಸ್‌ಗೆ ನನಗೆ ಪರವಾನಗಿ ಸಿಕ್ಕಿತ್ತು. ನಿನ್ನ ಕಾಗದವಿಲ್ಲದೆಯೇ, ಬಿಷಪ್ ಕಚೇರಿಯವರು ಓಡಾಡಿ ಕೊಡಿಸಿದ್ದರು. ಮೂವತ್ತಾರು ಗಂಟೆ. ಮದರ್‌ಗೆಂದು ಉಣ್ಣೆಯ ಶಾಲು ಹೆಣೆದಿದ್ದೆ. 24ರ ಬೆಳಿಗ್ಗೆ ಗೇಟಿನ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಮುಂದೆ ನಾಲ್ಕೇ ಜನ. ಪಹರೆಯವನು "ಬನ್ನಿ ಸಿಸ್ಟರ್, ಕಾಗದ ತೋರ್ಸಿ," ಎಂದು ಕೈ ಚಾಚಿದ.

ಆಗ ನಿನ್ನ ಸಾರಿನ ಚಮಚ ಕಣ್ಣಿಗೆ ಬಂತು. ನಾನು ಕೋಣೆಗೆ ಕಾಲಿಡುತ್ತೇನೆ, ನೀನು ಅವರ ಬಾಯಿ ಒರೆಸುತ್ತಿರುತ್ತೀಯ, 'ಮದರ್, ವರ್ದೆ ಬಂದಿದ್ದಾಳೆ' ಎಂದು ನೀನೇ ಹೇಳುತ್ತೀಯ, ಅವರು 'ಏನೂ ಹೇಳುವುದಿಲ್ಲ'. ಅದನ್ನು ನಿನ್ನೆದುರು ನೋಡುವ ಶಕ್ತಿ ನನಗಿರಲಿಲ್ಲ. "ತಲೆ ತಿರುಗ್ತಿದೆ, ನಾಳೆ ಬರ್ತೀನಿ," ಎಂದು ಅವನಿಗೆ ಹೇಳಿ ತಿರುಗಿದೆ. ಶಾಲನ್ನು ದಾರಿಯಲ್ಲಿ ಒಬ್ಬ ಮುದುಕಿಗೆ ಕೊಟ್ಟೆ. ಮರುದಿನವೂ ಹೋಗಲಿಲ್ಲ. ಇಪ್ಪತ್ತಮೂರು ದಿನಕ್ಕೆ ಅವರು ತೀರಿಕೊಂಡರು.

ನೀನು ನನ್ನ ಕಾಗದಗಳನ್ನು ಅವರಿಂದ ಮುಚ್ಚಿಟ್ಟೆ. ನಾನು ನನ್ನನ್ನೇ ಮುಚ್ಚಿಟ್ಟೆ. ಹನ್ನೊಂದು ವರ್ಷ ನಿನ್ನ ಜೊತೆ ಮಾತು ಬಿಟ್ಟು ಕೂತಿದ್ದು ಇದಕ್ಕೇ ಇರಬೇಕು. ತಪ್ಪೆಲ್ಲ ನಿನ್ನೊಬ್ಬಳದೇ ಆಗಿರಲಿ ಎಂದು.

ಗುರುವಾರ ಪೂಜೆ ಮುಗಿಸಿ ಬರುತ್ತೇನೆ. ಬಾಗಿಲು ತೆಗೆಯಲು ಯಾರನ್ನೂ ಕಳಿಸಬೇಡ, ನೀನೇ ಬಾ. ನಿನ್ನನ್ನು ತಬ್ಬಿಕೊಳ್ಳುತ್ತೇನೋ, ಕೆನ್ನೆಗೆ ಬಾರಿಸುತ್ತೇನೋ ನನಗೇ ಗೊತ್ತಿಲ್ಲ. ಅರವತ್ತನಾಲ್ಕು ವರ್ಷದ ಭುಜ. ಯಾವುದು ಮಾಡಿದರೂ ನನಗೇ ನೋವು.

ಮದರ್ ಮಲಗಿರುವ ಜಾಗ ತೋರಿಸು. ತೋರಿಸಿ ಹೊರಗೆ ಹೋಗು. ಒಂದು ಗಂಟೆ ನಾನು ಅವರ ಜೊತೆ ಒಬ್ಬಳೇ ಇರಬೇಕು. ನಾನು ಏನು ಹೇಳುತ್ತೇನೆಂದು ಬಾಗಿಲಿಗೆ ಕಿವಿಗೊಡಬೇಡ. ಅಂಗಳದಲ್ಲೇ ನಿಂತಿರು. ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಉರಿಯಲಿ.

ಗಂಟೆ ಕಳೆದ ಮೇಲೆ ನಾನೇ ಬಂದು ನಿನ್ನನ್ನು ಒಳಗೆ ಕರೆದುಕೊಳ್ಳುತ್ತೇನೆ.

ನಿನ್ನ ಅಕ್ಕ,
ವರ್ದೆ